ಹುಣಸೆ ಬೀಜ ಇಟ್ಕೊಂಡು ಪೋಕರ್ ಬೆಟ್ಟಿಂಗ್ ಕಲಿತಿದ್ದು, ನನ್ನ ಅನುಭವ

ಮೂಡಿಗೆರೆ ಕಡೆ ಜುಲೈ ಮಳೆ ಹಿಡೀತು ಅಂದ್ರೆ ತೋಟದ ಕೆಲಸ ಅರ್ಧಕ್ಕರ್ಧ ನಿಂತೋಗುತ್ತೆ, ಕರೆಂಟೂ ನೆಚ್ಚೋ ಹಾಗಿಲ್ಲ, ಹಾಗಾಗಿ ಇಸ್ಪೀಟು ನಮಗೇನು ಹೊಸದಲ್ಲ, ರಮ್ಮಿ, ಇಪ್ಪತ್ತೆಂಟು, ಮೂರೆಲೆ ಎಲ್ಲಾ ಚಿಕ್ಕಂದಿನಿಂದ ನೋಡಿದ್ದೇ. ಪೋಕರ್ ಶುರು ಮಾಡ್ದಾಗ ಜೊತೆಗಿದ್ದೋರೆಲ್ಲ ಮೊದ್ಲು ಬಾಯಿಪಾಠ ಮಾಡಿದ್ದು ಯಾವ ಕೈ ದೊಡ್ಡದು, ಫ್ಲಶ್ (ಒಂದೇ ಜಾತಿಯ ಐದೆಲೆ) ಮೇಲೋ ಸ್ಟ್ರೈಟ್ (ಸಾಲಾಗಿ ಐದೆಲೆ) ಮೇಲೋ ಅನ್ನೋದನ್ನ. ನಾನು ಮೊದ್ಲು ಹಿಡ್ಕೊಂಡಿದ್ದು ಒಂದು ಸಲಕ್ಕೆ ಎಷ್ಟು ಬೆಟ್ ಹಾಕ್ಬೋದು ಅನ್ನೋ ರೂಲನ್ನ. ಈಗ್ಲೂ ಹೊಸಬರು ಬಂದು ಕೂತ್ರೆ ಅಲ್ಲಿಂದ್ಲೇ ಶುರು ಮಾಡಿಸ್ತೀನಿ, ಯಾಕಂದ್ರೆ ಅದೇ ಎಲೆ, ಅದೇ ಎದುರಾಳಿ ಇದ್ರೂ ಬೆಟ್ ರೂಲ್ ಬದಲಾದ್ರೆ ಸರಿಯಾದ ಆಟಾನೇ ಬದಲಾಗುತ್ತೆ.

ದುಡ್ಡು ಇಡೋದಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಹುಣಸೆ ಬೀಜ ಒಂದಕ್ಕೆ ಒಂದು ಲೆಕ್ಕ, ಅಡಿಕೆ ಒಂದಕ್ಕೆ ಹತ್ತು, ಒಬ್ಬೊಬ್ರಿಗೆ 200ರಷ್ಟು. ಆನ್‌ಲೈನಲ್ಲಿ ದುಡ್ಡಿಟ್ಟು ಆಡೋದನ್ನ 2025ರಲ್ಲಿ ಕೇಂದ್ರದ ಕಾನೂನೇ ನಿಷೇಧ ಮಾಡ್ತು. ಕಲಿಯೋಕೆ ಬೀಜ ಸಾಕು, ಆದ್ರೆ ಖಾಲಿಯಾದೋರು ಆ ಸಂಜೆ ಮತ್ತೆ ಆಡೋ ಹಾಗಿಲ್ಲ ಅಂತ ಮಾಡ್ಕೊಳ್ಳಿ, ಇಲ್ಲಾಂದ್ರೆ ಬೀಜಕ್ಕೆ ಬೆಲೆ ಇರಲ್ಲ, ಎಲ್ರೂ ಎಲ್ಲದಕ್ಕೂ ಕಾಲ್ ಮಾಡ್ತಾರೆ, ಅಂದ್ರೆ ಎದುರಿನವರು ಹಾಕಿದಷ್ಟೇ ತಾವೂ ಹಾಕಿ ಆಟದಲ್ಲಿ ಉಳೀತಾರೆ.

ನಾವಾಡೋದು ಹೋಲ್ಡೆಮ್ ಅನ್ನೋ ಪೋಕರ್, ಒಬ್ಬೊಬ್ರ ಕೈಲಿ ಎರಡೆಲೆ, ಮಧ್ಯ ಎಲ್ರಿಗೂ ಸೇರಿ ಐದೆಲೆ, ಮೊದ್ಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೊಂದು (ರಿವರ್). ಕೈಗೆ ಎಲೆ ಹಂಚಿದಾಗ್ಲೂ, ಮಧ್ಯ ಎಲೆ ಬಿದ್ದಾಗೆಲ್ಲಾನೂ ಒಂದೊಂದು ಸುತ್ತು ಬೆಟ್, ಹಾಕಿದ್ದೆಲ್ಲ ಸೇರೋ ರಾಶಿಗೆ ಪಾಟ್ ಅಂತಾರೆ. ಮೂರೆಲೆ ಆಟದಲ್ಲಿ ಶುರುವಲ್ಲೇ ಎಲ್ರೂ ಬೂಟ್ ಇಡ್ಬೇಕು, ಹೋಲ್ಡೆಮ್‌ನಲ್ಲಿ ಬಟನ್‌ನ (ಆ ಸಲ ಎಲೆ ಹಂಚೋರ ಜಾಗ) ಎಡಕ್ಕೆ ಕೂತ ಇಬ್ರು ಮಾತ್ರ, ಸ್ಮಾಲ್ ಬ್ಲೈಂಡ್ 1, ಬಿಗ್ ಬ್ಲೈಂಡ್ 2. ಆಮೇಲೆ ಮೂರು ಥರ ರೂಲ್. ಫಿಕ್ಸೆಡ್ ಲಿಮಿಟ್‌ನಲ್ಲಿ ಬೆಟ್ ಎಷ್ಟು ಅಂತ ಮೊದ್ಲೇ ಗೊತ್ತು, 2-4 ಆಟ ಅಂದ್ರೆ ಫ್ಲಾಪ್ ತನಕ ಎರಡೆರಡೇ ಹೆಚ್ಚಿಸ್ಬೇಕು, ಟರ್ನ್ ಮತ್ತು ರಿವರ್‌ನಲ್ಲಿ ನಾಲ್ಕು ನಾಲ್ಕು, ಅದೂ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದು ಬೆಟ್, ಅದರ ಮೇಲೆ ಮೂರು ರೈಸ್ (ಬೆಟ್ ಹೆಚ್ಚಿಸೋದು) ಅಷ್ಟೇ. ಪಾಟ್ ಲಿಮಿಟ್‌ನಲ್ಲಿ ಜಾಸ್ತಿ ಅಂದ್ರೆ ಪಾಟ್‌ನಷ್ಟು. ನೋ ಲಿಮಿಟ್‌ನಲ್ಲಿ ಮುಂದೆ ಇರೋದೆಲ್ಲ ತಳ್ಳಬಹುದು, ಆದ್ರೆ ರೈಸ್ ಮಾಡಿದ್ರೆ ಹಿಂದಿನವರು ಹೆಚ್ಚಿಸಿದಷ್ಟಾದ್ರೂ ಹೆಚ್ಚಿಸ್ಬೇಕು.

ನಾವು ಕಲಿಯೋಕೆ ಶುರು ಮಾಡಿದ ಮಳೆಗಾಲ ಪೂರ್ತಿ ಫಿಕ್ಸೆಡ್ ಲಿಮಿಟೇ ಆಡಿದ್ವಿ. ಟಿವಿಲಿ ತೋರ್ಸೋದೆಲ್ಲ ನೋ ಲಿಮಿಟ್ ಆಗಿರೋದ್ರಿಂದ ಹುಡುಗ್ರಿಗೆ ಇದು ಸಪ್ಪೆ ಅನ್ಸುತ್ತೆ, ಆದ್ರೂ ಲೆಕ್ಕ ಕೂರೋದು ಇಲ್ಲೇ. ಆಮೇಲೆ ನೋ ಲಿಮಿಟ್‌ಗೆ ಹೋದಾಗ ಒಂದು ಕೈ ಬಂತು, ಅದನ್ನ ಎಲೆ ಹರಡಿ ಎರಡೂ ರೂಲಲ್ಲಿ ಲೆಕ್ಕ ಹಾಕಿ ನೋಡಿದ್ವಿ, ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಬಟನ್‌ನಲ್ಲಿ ನಾನು, ಕೈಲಿ ಇಸ್ಪೀಟ್ ಎಕ್ಕ, ಆಟೀನ್ ರಾಜ. ನನಗಿಂತ ಮುಂಚೆ ಮಾತಾಡೋರೆಲ್ಲ ಫೋಲ್ಡ್, ಅಂದ್ರೆ ಎಲೆ ಬಿಟ್ರು. ನಾನು 6ಕ್ಕೆ ರೈಸ್ ಮಾಡ್ದೆ, ಸ್ಮಾಲ್ ಬ್ಲೈಂಡ್ ಬಿಟ್ಟ, ಬಿಗ್ ಬ್ಲೈಂಡಲ್ಲಿದ್ದ ಗೆಳೆಯ ಕಾಲ್, ಪಾಟ್ 13. ಫ್ಲಾಪ್ ಬಂದಿದ್ದು ಡೈಮಂಡ್ ಎಕ್ಕ, ಡೈಮಂಡ್ ಒಂಬತ್ತು, ಕಳಾವರ್ ನಾಲ್ಕು. ಅವನತ್ರ ಡೈಮಂಡ್ ರಾಣಿ, ಗುಲಾಮ, ಅಂದ್ರೆ ಇನ್ನೊಂದು ಡೈಮಂಡ್ ಬಿದ್ರೆ ಫ್ಲಶ್. ಅವನು ಚೆಕ್ (ಏನೂ ಹಾಕ್ದೆ ಸರದಿ ದಾಟಿಸೋದು), ನಾನು 9 ಹಾಕ್ದೆ, ಅವನು ಕಾಲ್, ಪಾಟ್ 31. ಟರ್ನ್‌ನಲ್ಲಿ ಇಸ್ಪೀಟ್ ಎರಡು. ಮತ್ತೆ ಚೆಕ್, ನಾನು 24. ಈಗ ಪಾಟ್ 55, ಅವನು 24 ಹಾಕಿದ್ರೆ ಒಟ್ಟು 79, ಅಂದ್ರೆ ಶೇಕಡ 30ರಷ್ಟು ಸಲ ಗೆದ್ರೆ ಮಾತ್ರ ಅಸಲು. ಅವನಿಗೆ ಕಾಣದ 46 ಎಲೇಲಿ ಡೈಮಂಡ್ ಉಳಿದಿರೋದು 9, ಅಂದ್ರೆ ಶೇಕಡ 20ರ ಹತ್ರ. ಅವನು ಯೋಚ್ನೆ ಮಾಡಿ ಫೋಲ್ಡ್ ಮಾಡ್ದ, ಸರಿಯಾಗೇ ಮಾಡ್ದ.

ಇದೇ ಕೈ 2-4 ಲಿಮಿಟ್‌ನಲ್ಲಿ ನೋಡಿ. ರೈಸ್ 4ಕ್ಕೆ ಮಾತ್ರ, ಪಾಟ್ 9. ಫ್ಲಾಪ್‌ನಲ್ಲಿ 2 ಹಾಕಿ ಕಾಲ್ ಆದ್ರೆ 13. ಟರ್ನ್‌ನಲ್ಲಿ ನಾನು ಹಾಕ್ಬೋದಾದ್ದು 4 ಅಷ್ಟೇ, ಪಾಟ್ 17, ಅವನು 4 ಹಾಕಿದ್ರೆ 21, ಬೇಕಾಗಿರೋದು ಶೇಕಡ 19, ಅವನ ಹತ್ರ ಇರೋದು 19.6. ಕಾಲ್ ಮಾಡೋದೇ ಸರಿ! ಅವನು ಫ್ಲಶ್ ಕಾಯ್ತಿದಾನೆ ಅಂತ ನನಗೆ ಖಚಿತವಾಗಿ ಗೊತ್ತಿದ್ರೂ ಓಡಿಸೋಕೆ ಆಗಲ್ಲ. ಬೆಟ್ ಅಂದ್ರೆ ಮುಂದಿನ ಎಲೆ ನೋಡೋಕೆ ನಾವು ಎದುರಿನವರಿಗೆ ಹೇಳೋ ರೇಟು, ನೋ ಲಿಮಿಟ್‌ನಲ್ಲಿ ಆ ರೇಟ್ ಕಟ್ಟೋರು ನಾವೇ. ಅದಕ್ಕೇ ಲಿಮಿಟ್‌ನಲ್ಲಿ ಫ್ಲಶ್, ಸ್ಟ್ರೈಟ್ ಕಾಯೋ ಕೈ ಹಿಡ್ಕೊಂಡು ಹೋಗ್ಬೋದು, ನೋ ಲಿಮಿಟ್‌ನಲ್ಲಿ ಎದುರಿನವರು ಕೇಳೋ ರೇಟ್ ನೋಡಿ ಬಿಡ್ಬೇಕು.

ಶೇಕಡ ಲೆಕ್ಕ ಕಷ್ಟ ಅನ್ನೋರಿಗೆ, ಬೇಕಾದ ಎಲೆ ಎಷ್ಟಿವೆ ಎಣಿಸಿ, ಒಂದು ಎಲೆ ಬರೋದಿದ್ರೆ ಎರಡರಿಂದ, ಎರಡೂ ಎಲೆ ಬರೋದಿದ್ರೆ ನಾಲ್ಕರಿಂದ ಗುಣಿಸಿ, ಅಂದಾಜು ಸಿಗುತ್ತೆ. ಆದ್ರೆ ನಾಲ್ಕರಿಂದ ಗುಣಿಸೋದು ಆಲ್ ಇನ್ ಆಗಿ (ಇರೋದೆಲ್ಲ ತಳ್ಳಿ) ಎರಡೂ ಎಲೆ ಪುಕ್ಕಟೆ ನೋಡೋ ಹಾಗಿದ್ರೆ ಮಾತ್ರ, ಟರ್ನ್‌ನಲ್ಲಿ ಇನ್ನೊಂದು ಬೆಟ್ ಬೀಳೋದಿದ್ರೆ ಅಲ್ಲ. ಹೊಸಬರಿಗೆ ನಾನು ಒತ್ತಿ ಹೇಳೋದು ಇದನ್ನ.

ಇನ್ನು ನೋ ಲಿಮಿಟ್‌ನಲ್ಲಿ ಎಷ್ಟು ಹಾಕೋದು ಅಂದ್ರೆ, ಮೊದಲ ರೈಸ್ ಬಿಗ್ ಬ್ಲೈಂಡಿನ ಎರಡೂವರೆ ಮೂರು ಪಟ್ಟು, ಆಮೇಲೆ ಪಾಟ್‌ನ ಅರ್ಧದಿಂದ ಮುಕ್ಕಾಲು, ಒಳ್ಳೆ ಕೈಗೂ ಬ್ಲಫ್‌ಗೂ (ಕೈ ಇಲ್ದೆ ಎದುರಿನವರನ್ನ ಓಡಿಸೋಕೆ ಹಾಕೋ ಬೆಟ್) ಒಂದೇ ಅಳತೆ. ದೊಡ್ಡ ಕೈಗೆ ದೊಡ್ಡ ಬೆಟ್, ಸಣ್ಣ ಕೈಗೆ ಸಣ್ಣದು ಹಾಕೋರ ಎಲೆ ನಮ್ಮ ಜಗಲೀಲಿ ಎಲ್ರಿಗೂ ಕಾಣುತ್ತೆ. ಬ್ಲೈಂಡ್‌ಗೆ ಬರೀ ಕಾಲ್ ಮಾಡ್ಕೊಂಡು ಒಳಗೆ ಬರೋದನ್ನ ಬಿಡಿ, ಆಡೋ ಕೈಯಾದ್ರೆ ರೈಸ್, ಇಲ್ಲಾಂದ್ರೆ ಫೋಲ್ಡ್, ಮತ್ತೆ ಬಟನ್ ಹತ್ರ ಕೂತಾಗ ಜಾಸ್ತಿ ಕೈ ಆಡಿ, ಕೊನೇಲಿ ಮಾತಾಡೋರಿಗೆ ಎಲ್ರೂ ಏನ್ ಮಾಡಿದ್ರು ಅಂತ ಗೊತ್ತಿರುತ್ತೆ.

ಬ್ಲಫ್‌ಗೂ ಲೆಕ್ಕ ಇದೆ. ಅರ್ಧ ಪಾಟ್ ಹಾಕಿದ್ರೆ ಮೂರರಲ್ಲಿ ಒಂದು ಸಲ ಅವರು ಬಿಟ್ರೆ ಅಸಲು, ಪೂರ್ತಿ ಪಾಟ್ ಹಾಕಿದ್ರೆ ಎರಡರಲ್ಲಿ ಒಂದು ಸಲ ಬಿಡ್ಬೇಕು. ಏನು ಹಾಕಿದ್ರೂ ಕಾಲ್ ಮಾಡೋರ ಮುಂದೆ ಬ್ಲಫ್ ಮಾಡ್ಬೇಡಿ, ಅಂಥೋರ ಎದುರು ಒಳ್ಳೆ ಕೈ ಬಂದಾಗ ಮುಕ್ಕಾಲು ಪಾಟ್ ಹಾಕ್ತಾ ಹೋಗಿ.

ಈ ವರ್ಷ ನಾಲ್ಕೆಲೆ ಒಮಾಹ ಪಾಟ್ ಲಿಮಿಟ್‌ನಲ್ಲಿ ಶುರು ಮಾಡಿದೀವಿ. ಅಲ್ಲಿ ಪಾಟ್ ಎಣಿಸೋದೇ ಎಡವಟ್ಟು, ಪಾಟಲ್ಲಿ 100 ಇದ್ದು ಎದುರಿನವರು 50 ಹಾಕಿದ್ರೆ, ಮೊದ್ಲು ನಿಮ್ಮ ಕಾಲ್ 50 ಸೇರಿಸಿ, 200 ಆಯ್ತು, ಅದರ ಮೇಲೆ ಇನ್ನೊಂದು 200, ಅಂದ್ರೆ ಒಟ್ಟು 250 ತನಕ ತಳ್ಳಬಹುದು.