ಜೀವಿಗಳಿಗೆ ಏನೇನು ಬೇಕು: ಮಕ್ಕಳಿಗೆ ತೋರಿಸಿಕೊಡುವ ಬಗೆ

ಗಾಳಿ, ನೀರು, ಆಹಾರ, ಆಸರೆ ಎಂದು ಐದಾರು ವರ್ಷದ ಮಕ್ಕಳಿಗೆ ಬಾಯಿಪಾಠ ಮಾಡಿಸಲು ಹತ್ತು ನಿಮಿಷ ಸಾಕು. ಅದು ನಿಜವೆಂದು ಅವರ ಕಣ್ಣಿಗೆ ಕಾಣಿಸಲು ಮೂರು ವಾರ ಬೇಕು. ಈ ಎರಡನೆಯ ದಾರಿ ಹಿಡಿದವರಲ್ಲೂ ಹಲವರು ಬೀಜದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ, ಕುಂಡದಲ್ಲಿ ಕಾಣುವುದೊಂದಾದರೆ ಬಾಯಲ್ಲಿ ಇನ್ನೊಂದನ್ನು ಹೇಳಿಕೊಟ್ಟು ಮುಗಿಸುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಆ ಪ್ರಯೋಗಕ್ಕೇ ಮೀಸಲು.

ಮೊದಲು ಜೀವವಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಮಾತನಾಡಿಸಿ. ಚಿಕ್ಕ ಮಕ್ಕಳು ಸೂರ್ಯ, ಮೋಡಗಳಂತಹ ಚಲಿಸುವ ವಸ್ತುಗಳಿಗೂ ಜೀವವಿದೆ ಎನ್ನುವುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ದಾಖಲಿಸಿದ್ದರು. ಅಲುಗಾಡದ ಗಿಡವನ್ನು ಅದೇ ಮಕ್ಕಳು ನಿರ್ಜೀವಿಗಳ ಸಾಲಿಗೆ ಸೇರಿಸುವುದುಂಟು. ಕಾರಿಗೂ ಪೆಟ್ರೋಲ್ ಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಕಾರು ಬೆಳೆಯುತ್ತದೆಯೇ, ಮರಿ ಹಾಕುತ್ತದೆಯೇ ಎಂದು ತಿರುಗಿ ಕೇಳಿ. ಬೇಕೇ ಬೇಕಾದದ್ದು ಮತ್ತು ಇದ್ದರೆ ಚೆನ್ನ ಎನ್ನುವಂಥದ್ದು ಎಂದು ಚಿತ್ರಗಳನ್ನು ಎರಡು ಗುಂಪು ಮಾಡಿಸುವ ಆಟವನ್ನು ಒಮ್ಮೆ ಆಡಿಸಿದರೆ ಸಾಕು.

ಎರಡನೆಯದು ಬೀಜದ ಆಯ್ಕೆ. ಬೀನ್ಸ್‌ನಂತಹ ದೊಡ್ಡ ದ್ವಿದಳ ಬೀಜವೇ ಇರಲಿ. ಬೇಳೆಯಾಗಿ ಒಡೆದದ್ದು ಮೊಳೆಯುವುದಿಲ್ಲ. ಗುಲಾಬಿ ಅಥವಾ ನೀಲಿ ಬಣ್ಣ ಬಳಿದು ಮಾರುವ ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಅಥವಾ ಕೀಟನಾಶಕ ಲೇಪಿಸಿರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಲೇಬಾರದು. ಹಸಿ ಬೀನ್ಸ್ ಬೀಜವೂ ಬಾಯಿಗೆ, ಮೂಗಿಗೆ ಹೋಗದಂತೆ ಎಚ್ಚರ ವಹಿಸಿ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಕೆಲವು ದಿನಗಳಲ್ಲಿ ಮೊಳಕೆ ಒಡೆಯುತ್ತವೆ. ನೆನೆಸದ ಕೆಲವು ಬೀಜಗಳನ್ನು ಪಕ್ಕದಲ್ಲೇ ಇಟ್ಟರೆ ನೀರಿನ ಪಾಠದ ಅರ್ಧ ಅಲ್ಲೇ ಮುಗಿಯುತ್ತದೆ. ಆ ಒಣ ಬೀಜ ಸತ್ತಿಲ್ಲ, ಕಾಯುತ್ತಿದೆ ಎಂಬುದನ್ನು ಮಾತ್ರ ಹೇಳಲು ಮರೆಯಬೇಡಿ: ಇಸ್ರೇಲಿನ ಮಸಾದ ಕೋಟೆಯ ಉತ್ಖನನದಲ್ಲಿ ದೊರೆತ, ಸುಮಾರು 2000 ವರ್ಷ ಹಳೆಯದಾದ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆಯಿತು.

ಇನ್ನು ಎಲ್ಲರೂ ಎಡವುವ ಹಂತ, ಬೆಳಕು. ಸಾಮಾನ್ಯವಾಗಿ ಒಂದು ಲೋಟದ ಬೀಜವನ್ನು ಕಿಟಕಿಯ ಬಳಿಯೂ ಇನ್ನೊಂದನ್ನು ಕಪಾಟಿನಲ್ಲಿಯೂ ಇಟ್ಟು ಒಂದು ವಾರದ ಬಳಿಕ ನೋಡುತ್ತಾರೆ. ಕತ್ತಲಲ್ಲಿಟ್ಟದ್ದೂ ಮೊಳೆತಿರುತ್ತದೆ, ಅಷ್ಟೇ ಅಲ್ಲ, ಬೆಳಕಿನಲ್ಲಿದ್ದ ಸಸಿಗಿಂತ ಎತ್ತರವಾಗಿಯೂ ಇರುತ್ತದೆ. ಗಿಡಕ್ಕೆ ಕತ್ತಲೇ ಒಳ್ಳೆಯದು ಎಂದು ಮಕ್ಕಳು ಹೇಳುತ್ತಾರೆ. ಕಂಡದ್ದನ್ನು ಹೇಳಿದ ಆ ಮಕ್ಕಳದ್ದು ತಪ್ಪಲ್ಲ, ಪ್ರಯೋಗವನ್ನು ಅಲ್ಲಿಗೇ ಮುಗಿಸಿದ ಹಿರಿಯರದ್ದು ತಪ್ಪು. ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಬೀಜದಳಗಳಲ್ಲಿ ಇರುವಷ್ಟು ದಿನ ಸಸಿಗೆ ತಾನೇ ಆಹಾರ ತಯಾರಿಸಿಕೊಳ್ಳುವ ಅಗತ್ಯ ಬರುವುದಿಲ್ಲ. ಮಣ್ಣಿನಡಿ ಹುಟ್ಟಿದ ಸಸಿ ಬೆಳಕು ಸಿಗುವ ತನಕ ಎಲೆ ಅರಳಿಸದೆ, ಇದ್ದ ಶಕ್ತಿಯನ್ನೆಲ್ಲ ಕಾಂಡವನ್ನು ಉದ್ದ ಮಾಡುವುದಕ್ಕೇ ಸುರಿಯುತ್ತದೆ. ಕಪಾಟಿನಲ್ಲಿ ನಡೆಯುವುದೂ ಅದೇ.

ಆದ್ದರಿಂದ ಹೀಗೆ ಮಾಡಿ. ಒಂದೇ ಅಳತೆಯ ನಾಲ್ಕು ಕುಂಡಗಳಿಗೆ ಒಂದೇ ಮಣ್ಣು ತುಂಬಿ, ಒಂದೇ ಸಮನಾಗಿ ಬೆಳೆದ ಮೂರು ಮೊಳಕೆಗಳನ್ನು ಪ್ರತಿಯೊಂದರಲ್ಲೂ ನೆಡಿ. ಒಂದನ್ನೇ ನೆಟ್ಟರೆ ಅದು ಬೇರಾವುದೋ ಕಾರಣಕ್ಕೆ ಸತ್ತರೂ ಮಕ್ಕಳು ಅದನ್ನು ಕತ್ತಲ ತಲೆಗೆ ಕಟ್ಟುತ್ತಾರೆ. ಮೊದಲನೆಯದಕ್ಕೆ ನೀರು, ಬೆಳಕು ಎರಡೂ ಇರಲಿ, ಎರಡನೆಯದಕ್ಕೆ ಬೆಳಕು ಮಾತ್ರ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನೀರು ಕೊಟ್ಟು, ಒಂದೊಂದು ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ ಮುಚ್ಚಿ, ಆದರೆ ಮೊದಲನೆಯದರ ಪಕ್ಕದಲ್ಲೇ ಇಡಿ. ಬೇರೆ ಕೋಣೆಗೆ ಒಯ್ದರೆ ಬೆಳಕಿನ ಜೊತೆಗೆ ಬಿಸಿಯೂ ಬದಲಾಗುತ್ತದೆ, ಯಾವುದರಿಂದ ಏನಾಯಿತೆಂದು ಹೇಳಲಾಗದು. ಅಳೆದು ಒಂದೇ ಸಮ ನೀರು ಹಾಕುವುದು ನ್ಯಾಯವೆಂದು ತೋರುತ್ತದೆ, ಆದರೆ ಮುಚ್ಚಿಟ್ಟ ಮಣ್ಣು ಬೇಗ ಒಣಗದ ಕಾರಣ ಅಲ್ಲಿ ಬೇರು ಕೊಳೆಯುತ್ತದೆ. ನೀರು ಹಾಕುವ ಮೂರು ಕುಂಡಗಳಲ್ಲೂ ಬೆರಳಿಟ್ಟು ನೋಡಿ, ತೇವ ಸಮನಾಗಿರುವಂತೆ ನೀರು ಹಾಕುವುದೇ ಸರಿ.

ಏನಾಗಬಹುದು ಎಂಬ ಊಹೆಯನ್ನು ಮೊದಲೇ ಬರೆಸಿಕೊಳ್ಳಿ. ಒಂದು ವಾರದ ಬಳಿಕ ದಾರದಿಂದ ಎತ್ತರ ಅಳೆಸಿ, ಕತ್ತಲ ಸಸಿಯೇ ಎತ್ತರ ಎಂಬುದನ್ನು ಒಪ್ಪಿಕೊಳ್ಳಿ. ಬಳಿಕ ಬಣ್ಣ ಹೇಗಿದೆ, ಕಾಂಡ ಎಷ್ಟು ದಪ್ಪವಿದೆ, ಎಲೆ ಎಷ್ಟು ಅಗಲವಿದೆ, ತಾನಾಗಿ ನಿಲ್ಲುತ್ತದೆಯೇ ಎಂದು ಒಂದೊಂದಾಗಿ ಕೇಳಿ. ಆಗ ನಾಲ್ಕನೆಯ ಕುಂಡದ ಪೆಟ್ಟಿಗೆ ತೆಗೆಯಿರಿ: ಬಿಳಿಚಿಕೊಂಡಿದ್ದ ಎಲೆಗಳು ಒಂದೆರಡು ದಿನಗಳಲ್ಲಿ ಹಸಿರಾಗುವುದನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಮೂರನೆಯದನ್ನು ಮುಚ್ಚಿಯೇ ಇಟ್ಟರೆ ಬುತ್ತಿ ಮುಗಿದು, ಒಟ್ಟು ಎರಡು ಮೂರು ವಾರಗಳಲ್ಲಿ ಕುಸಿಯುತ್ತದೆ. ಈ ಕುಸಿತವನ್ನು ತೋರಿಸದೆ ಬೆಳಕಿನ ಪಾಠ ಮುಗಿಯಿತು ಎನ್ನಬೇಡಿ.

ಗೊಬ್ಬರವನ್ನು ಗಿಡದ ಆಹಾರ ಎಂದು ಮುದ್ರಿಸಿದ ಪೊಟ್ಟಣವಿರುವ ಸಿದ್ಧ ಕಿಟ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಗೊಬ್ಬರದಲ್ಲಿರುವುದು ಖನಿಜ ಲವಣಗಳು. ಆಹಾರವನ್ನು ಗಿಡ ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಬೆಳಕಿನ ನೆರವಿನಲ್ಲಿ ತಾನೇ ತಯಾರಿಸುತ್ತದೆ. ಹದಿನೇಳನೆಯ ಶತಮಾನದ ವೈದ್ಯ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು ಐದು ವರ್ಷ ನೀರೆರೆದರು. ಮರ ಸುಮಾರು 169 ಪೌಂಡ್ ತೂಗಿದರೆ ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಎಲ್ಲವೂ ನೀರಿನಿಂದಲೇ ಬಂತೆಂದು ಅವರು ತಿಳಿದರು, ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ.

ಗಾಳಿಯ ಹಂತದಲ್ಲಿ ಬೀಜವನ್ನು ಬಾಟಲಿಯಲ್ಲಿ ಹಾಕಿ ಬಿರಡೆ ಬಿಗಿಯುವವರಿದ್ದಾರೆ. ಬಾಟಲಿಯಲ್ಲಿರುವ ಗಾಳಿಯೇ ಬೀಜಕ್ಕೆ ಸಾಕಾಗಿ ಅದು ಮೊಳೆಯುತ್ತದೆ. ಅದರ ಬದಲು ಕೆಲವು ಬೀಜಗಳನ್ನು ಲೋಟದ ತುಂಬ ನೀರಿನಲ್ಲಿ ಮುಳುಗಿಸಿಡಿ. ಸಾಕಷ್ಟು ಆಮ್ಲಜನಕ ಸಿಗದೆ ಅವು ಉಬ್ಬಿ ಕೊಳೆಯುತ್ತವೆ. ಮೀನು ಹೇಗೆ ಬದುಕುತ್ತದೆ ಎಂದು ಕೇಳಿದರೆ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅದು ಕಿವಿರುಗಳಿಂದ ಹೀರಿಕೊಳ್ಳುತ್ತದೆ ಎನ್ನಿ. ಉಸಿರು ಬಿಗಿಹಿಡಿಯುವ ಪಂದ್ಯ ಬೇಡ, ಸುಮ್ಮನೆ ಕುಳಿತು ಒಂದು ನಿಮಿಷದ ಉಸಿರು ಎಣಿಸಿದರೆ ಸಾಕು.

ಪ್ರಾಣಿಗಳ ವಿಷಯದಲ್ಲಿ ಏನನ್ನೂ ಕಸಿದುಕೊಂಡು ಪರೀಕ್ಷಿಸುವುದು ಬೇಡ. ಸೀಗಡಿಯನ್ನು ಗಾಜಿನ ಗೋಳದಲ್ಲಿ ಮುಚ್ಚಿ ಮಾರುವ ಅಲಂಕಾರದ ವಸ್ತುಗಳನ್ನೂ ತರಬೇಡಿ. ಎರೆಹುಳುವನ್ನು ಒದ್ದೆ ಮಣ್ಣಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ನೋಡಿ, ಅದು ಚರ್ಮದಿಂದ ಉಸಿರಾಡುತ್ತದೆ, ಆ ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ ಎಂದು ತಿಳಿಸಿ, ಹಿಡಿದಲ್ಲಿಯೇ ಬಿಡಿ.

ಕೊನೆಗೆ, ಕಲಿಸುವಾಗ ಹೆಸರೆತ್ತದ ಜೀವಿಯೊಂದರ ಚಿತ್ರ ಕೊಟ್ಟು ಅದಕ್ಕೇನು ಬೇಕೆಂದು ಕೇಳಿ. ನನ್ನ ಆಯ್ಕೆ ಪಾಪಾಸುಕಳ್ಳಿ. ಅದಕ್ಕೆ ನೀರು ಬೇಡ ಎಂದ ಮಗುವಿಗೆ ನೀರಿನ ಹಂತವನ್ನೂ, ಗೊಬ್ಬರವೇ ಅದರ ಊಟ ಎಂದ ಮಗುವಿಗೆ ಬೆಳಕಿನ ಹಂತವನ್ನೂ ಇನ್ನೊಮ್ಮೆ ಮಾಡಿಸಬೇಕು.