ಡಾಕ್ಟರ್ ಬರುವವರೆಗಿನ ಹತ್ತು ನಿಮಿಷ

ನಾನು ಯಾದಗಿರಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಹೆಚ್ಚಿನ ಕೆಲಸ ಲೇಬರ್ ರೂಮಿನಲ್ಲಿ. ರಾತ್ರಿ ಪಾಳಿ ಇದ್ದಾಗ ಕ್ಯಾಶುವಾಲಿಟಿಗೂ ಓಡಬೇಕಾಗುತ್ತದೆ. ಹೊಸದಾಗಿ ಸೇರಿದ ಹುಡುಗಿಯರು ಬಂದು ಕೇಳುತ್ತಾರೆ, "ಅಕ್ಕಾ, ಎಮರ್ಜೆನ್ಸಿ ಬಂದ್ರ ಮೊದಲ ಏನ್ ಮಾಡ್ಬೇಕ್ರಿ?" ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ.

ರಾತ್ರಿ ನಮ್ಮಲ್ಲಿ ಡ್ಯೂಟಿ ಡಾಕ್ಟರ್ ಒಬ್ಬರೇ. ಅವರು ಬೈಕ್ ಅಪಘಾತದವರಿಗೆ ಹೊಲಿಗೆ ಹಾಕುತ್ತಿರುತ್ತಾರೆ. ಹೆರಿಗೆ ಡಾಕ್ಟರ್ ಫೋನ್ ಮಾಡಿದ ಮೇಲೆ ಮನೆಯಿಂದ ಹೊರಡಬೇಕು. ಎಷ್ಟು ಅವಸರ ಮಾಡಿದರೂ ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷ ನರ್ಸಿನ ಕೈಯಲ್ಲಿರುತ್ತದೆ. "ಡಾಕ್ಟರ್ ಬರಲಿ, ನೋಡೋಣ" ಅಂತ ನಿಂತರೆ ಕೆಲವು ಜೀವಗಳು ಕೈಗೆ ಸಿಗುವುದಿಲ್ಲ. ಎಸ್‌ಬಿಎ (ನುರಿತ ಹೆರಿಗೆ ಸಹಾಯಕಿ) ತರಬೇತಿ ಆದ ನರ್ಸ್, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್ ಮತ್ತು ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್ನೀಸಿಯಮ್ ಸಲ್ಫೇಟಿನ ಮೊದಲ ಡೋಸ್ ಕೊಡಬಹುದು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಅಧಿಕಾರ ಇದೆ. ಆ ಹೊತ್ತಿಗೆ ಕೈ ನಡೆಯಬೇಕು, ಅಷ್ಟೇ.

ಹೆರಿಗೆ ನಂತರದ ರಕ್ತಸ್ರಾವದಿಂದಲೇ ಶುರು ಮಾಡುತ್ತೇನೆ. ನನಗೆ ಅತಿ ಹೆಚ್ಚು ಭಯ ಇರುವುದು ಅದರ ಬಗ್ಗೆ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಬೇಕು. ಆ ಬಿಗಿತಕ್ಕೇ ರಕ್ತನಾಳಗಳ ಬಾಯಿ ಮುಚ್ಚುವುದು. ಕುಗ್ಗದೆ ಮೆತ್ತಗೇ ಉಳಿದರೆ ನಲ್ಲಿ ಬಿಟ್ಟ ಹಾಗೆ ಹರಿಯುತ್ತದೆ. ಅದಕ್ಕೇ ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ತೊಡೆಗೆ ಕೊಡುತ್ತೇವೆ. ಎಲ್ಲರಿಗೂ ಕೊಡುತ್ತೇವೆ, ಯಾರನ್ನೂ ಬಿಡುವುದಿಲ್ಲ.

ಈ ಆಕ್ಸಿಟೋಸಿನ್ ಬಗ್ಗೆ ನಮ್ಮ ಕಡೆಯವರು ಒಂದು ಮಾತು ನೆನಪಿಡಬೇಕು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಯಾದಗಿರಿ, ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಟ್ರೇಯಲ್ಲಿ ಸುಮ್ನೆ ಇಟ್ಟ ಆಂಪ್ಯೂಲ್ ನೋಡಲು ಮೊದಲಿನಂತೆಯೇ ಇರುತ್ತದೆ, ಒಳಗಿನ ಔಷಧ ಮಾತ್ರ ಶಕ್ತಿ ಕಳೆದುಕೊಂಡಿರುತ್ತದೆ. ನಾವು ಹೆರಿಗೆ ಹತ್ತಿರ ಬಂದಾಗಲೇ ಫ್ರಿಜ್ಜಿನಿಂದ ತೆಗೆಯುತ್ತೇವೆ. ಕರೆಂಟ್ ಹೋದರೆ ಐಸ್‌ಪ್ಯಾಕ್ ಇರುವ ಲಸಿಕೆ ಬಾಕ್ಸಿಗೆ ಹಾಕುತ್ತೇವೆ. ಪ್ರತಿ ಪಾಳಿಯಲ್ಲೂ ಫ್ರಿಜ್ಜಿನ ತಾಪಮಾನ ಬರೆದಿಡುತ್ತೇವೆ. ಬೇಸಿಗೆಯಲ್ಲಿ ಎಮರ್ಜೆನ್ಸಿ ಕೆಲಸ ಫ್ರಿಜ್ಜಿನಿಂದಲೇ ಶುರು ಅಂತ ನಾನು ನಂಬಿದ್ದೇನೆ.

ಇನ್ನು ರಕ್ತದ ಅಳತೆ. ಕಣ್ಣಂದಾಜು ಯಾವಾಗಲೂ ಕಡಿಮೆ ಹೇಳುತ್ತದೆ. ಬಟ್ಟೆ ಹೀರಿಕೊಂಡಿದ್ದು, ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕೆ ಬರುವುದೇ ಇಲ್ಲ. ಬಾಣಂತಿಯ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿದರೆ ಎಷ್ಟು ಹೋಯಿತು ಅಂತ ಎದುರಿಗೇ ಕಾಣುತ್ತದೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. ಅಳತೆ ಚೀಲ ಹಾಸಿ, ರಕ್ತ ಹೆಚ್ಚಾದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಕೊಟ್ಟ ಕಡೆ ತೀವ್ರ ರಕ್ತಸ್ರಾವದ ತೊಂದರೆ ಶೇಕಡಾ 60ರಷ್ಟು ಕಡಿಮೆಯಾಗಿತ್ತು. ಒಂದಾದ ಮೇಲೊಂದು ಕೊಟ್ಟು, ಅದು ಕೆಲಸ ಮಾಡಿತಾ ಅಂತ ಕಾಯುವ ಹಳೆಯ ರೂಢಿ ಬಿಡಬೇಕು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಒಂದು ರಾತ್ರಿಯದು ಹೇಳುತ್ತೇನೆ. ಪುಣೆಗೆ ಗುಳೆ ಹೋಗಿ, ದಿನ ತುಂಬಿದ ಮೇಲೆ ಊರಿಗೆ ಬಂದ ಹೆಣ್ಣುಮಗಳು. ಮೂರನೇ ಹೆರಿಗೆ. ತಾಯಿ ಕಾರ್ಡ್‌ನಲ್ಲಿ ಮೊದಲ ಎರಡು ತಿಂಗಳು ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಹಿಮೋಗ್ಲೋಬಿನ್ 7ರ ಹತ್ತಿರ. ಇಂಥವರಿಗೆ, ಸಾಮಾನ್ಯವಾಗಿ ಅಪಾಯದ ಗೆರೆ ಅನ್ನುವ 500 ಎಂಎಲ್ ತನಕ ಕಾಯುವ ಹಾಗೇ ಇಲ್ಲ. ಮೈಯಲ್ಲಿ ಇರುವುದೇ ಕಡಿಮೆ, ಅಲ್ವಾ? ಅದಕ್ಕೆ ಹೆರಿಗೆಗೆ ಮೊದಲೇ ಎರಡೂ ಕೈಗೆ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ್ದೆವು. ಒಂದು ಬೂದು, ಒಂದು ಹಸಿರು. ಗುಲಾಬಿ ಬಣ್ಣದ್ದು ಸಣ್ಣ, ರಕ್ತ ಸುರಿಯುವಾಗ ಸಾಲದು. ರಕ್ತದ ಗುಂಪು ನೋಡಿ, ರಕ್ತ ಬೇಕಾಗಬಹುದು ಅಂತ ಮನೆಯವರಿಗೂ ಸಂಜೆಯೇ ತಿಳಿಸಿದ್ದೆವು.

ಮಗು ಚೆನ್ನಾಗಿ ಅತ್ತಿತು. ಮಾಸು ಪೂರ್ತಿ ಬಿತ್ತು. ಆದರೆ ಹೊಟ್ಟೆಯ ಮೇಲೆ ಕೈ ಇಟ್ಟರೆ ಗರ್ಭಕೋಶ ಸಿಗುತ್ತಲೇ ಇಲ್ಲ, ಅಷ್ಟು ಮೆತ್ತಗೆ. ಚೀಲ ತುಂಬುತ್ತಿತ್ತು. "ರಕ್ತ ಹೊಂಟದ, ಎಲ್ಲರೂ ಬರ್ರಿ" ಅಂತ ಜೋರಾಗಿ ಕೂಗಿದೆ. ಕೂಗಲು ನಾಚಿಕೊಳ್ಳಬಾರದು. ಒಬ್ಬಳೇ ಮಾಡಿ ಮುಗಿಸುತ್ತೇನೆ ಅನ್ನುವುದು ಈ ಕೆಲಸದಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಯಾರು ಏನು ಮಾಡಬೇಕೆಂದು ಪಾಳಿ ಶುರುವಾಗುವಾಗಲೇ ಮಾತಾಗಿರುತ್ತದೆ. ಹೆರಿಗೆ ಮಾಡಿಸಿದವಳು ಗರ್ಭಕೋಶದ ಮೇಲಿಂದ ಕೈ ತೆಗೆಯುವುದಿಲ್ಲ, ಉಜ್ಜುತ್ತಲೇ ಇರುತ್ತಾಳೆ. ಎರಡನೆಯವಳು ಔಷಧ ನೋಡಿಕೊಳ್ಳುತ್ತಾಳೆ: 20 ಯೂನಿಟ್ ಆಕ್ಸಿಟೋಸಿನ್ ಹಾಕಿದ ಸಲೈನ್ ಒಂದು ಕೈಗೆ, 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ (ರಕ್ತದ ಹೆಪ್ಪು ಕರಗದಂತೆ ತಡೆಯುವ ಔಷಧ) ಇನ್ನೊಂದು ಕೈಗೆ ಹತ್ತು ನಿಮಿಷದಲ್ಲಿ ನಿಧಾನವಾಗಿ. ಟ್ರಾನೆಕ್ಸಾಮಿಕ್ ಹೆರಿಗೆಯಾದ ಮೂರು ತಾಸಿನೊಳಗೆ ಹೋಗಬೇಕು. ಅದರಲ್ಲೂ ಪ್ರತಿ 15 ನಿಮಿಷ ತಡವಾದಂತೆ ಅದರ ಲಾಭ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ನಂತರ ಮೂತ್ರದ ಕ್ಯಾಥೆಟರ್, ಯಾಕೆಂದರೆ ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಕುಗ್ಗಲು ಬಿಡುವುದಿಲ್ಲ. ಮೂರನೆಯವರು ಫೋನ್, ಆಕ್ಸಿಜನ್ ಮತ್ತು ಸಮಯ ಬರೆಯುವುದು. ರಾತ್ರಿ ಆ ಮೂರನೆಯವರು ನಮ್ಮ ಆಯಾ. ಓದು ಕಡಿಮೆ, ಆದರೆ ಗಡಿಯಾರ ನೋಡಿ ಹೇಳಿದ್ದನ್ನು ಗೋಡೆಯ ಬೋರ್ಡ್ ಮೇಲೆ ತಪ್ಪದೆ ಬರೆಯುತ್ತಾರೆ. ಅವರಿಲ್ಲದ ಪಾಳಿ ನನಗೆ ಕಷ್ಟ.

ಡಾಕ್ಟರಿಗೆ ಫೋನ್ ಮಾಡಿದಾಗ "ಸರ್, ಸೀರಿಯಸ್ ಅದ, ಬರ್ರಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಾವು ಹೀಗೆ ಹೇಳುತ್ತೇವೆ: "ಸರ್, ಲೇಬರ್ ರೂಮಿಂದ. ಮೂರನೇ ಹೆರಿಗಿ, ಎಂಟ್ ನಿಮಿಷ ಆಯ್ತು. 450 ಎಂಎಲ್ ಹೋಗ್ಯಾದ, ಇನ್ನೂ ಹೊಂಟದ. ಗರ್ಭಕೋಶ ಮೆತ್ತಗದ. ಪಲ್ಸ್ 124, ಬಿಪಿ 100. ಆಕ್ಸಿಟೋಸಿನ್, ಟ್ರಾನೆಕ್ಸಾ ಎರಡೂ ಶುರು ಮಾಡೀವಿ. ನೀವು ಈಗ ಬರ್ಬೇಕ್ರಿ." ಇದರಲ್ಲಿ ಪಲ್ಸ್ ಮತ್ತು ಬಿಪಿ ಅಕ್ಕಪಕ್ಕ ಇರುವುದನ್ನು ಗಮನಿಸಿ. ಪಲ್ಸ್ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ದಾಟಿದರೆ ಅಪಾಯ ಬಂದಾಯಿತು. ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಬಿಪಿ ತುಂಬಾ ಹೊತ್ತು ಬೀಳದೆ ಇರುತ್ತದೆ, ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಬಿಪಿ ಸರಿ ಇದೆ ಅಂತ ಸಮಾಧಾನ ಪಡಬೇಡಿ.

ಆ ಬಾಣಂತಿಯ ತಾಯಿ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡು ಅಳುತ್ತಿದ್ದರು. ಹೊರಗೆ ಕಳಿಸುವ ಬದಲು ಒಳಗೆ ಕರೆದೆ. "ಅವ್ವಾ, ಮಗಳ ತಲಿ ಕಡಿ ನಿಂದ್ರಿ. ಕೈ ಹಿಡ್ಕೊಂಡು ಮಾತಾಡ್ಸಿರಿ. ಅಕಿ ಮಾತು ತಡವರಿಸಿದ್ರ, ಕಣ್ಣು ಮುಚ್ಚಿದ್ರ ನನಗ ಹೇಳ್ರಿ." ಅವರು ಅಳು ನುಂಗಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು, "ಸಿಸ್ಟರ್, ಬಾಯಿ ಒಣಗ್ಲಿಕತ್ತದಂತ, ಕಣ್ಣಿಗಿ ಕತ್ತಲ ಬರ್ಲಿಕತ್ತದಂತ." ಬಿಪಿ ಮಷಿನ್‌ಗಿಂತ ಮೊದಲು ಆ ತಾಯಿ ತಿಳಿಸಿದರು. ಮನೆಯವರಿಗೂ ಒಂದು ಕೆಲಸ ಕೊಟ್ಟರೆ ಅವರ ಭಯವೂ ಕಡಿಮೆಯಾಗುತ್ತದೆ, ನಮಗೂ ಒಂದು ಜೊತೆ ಕಣ್ಣು ಹೆಚ್ಚು ಸಿಗುತ್ತದೆ.

ಡಾಕ್ಟರ್ ಬಂದಾಗ ಎರಡೂ ಲೈನ್ ಓಡುತ್ತಿದ್ದವು. ಅವರು ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ ಒಳಗಿಟ್ಟು ಸಲೈನ್ ತುಂಬಿಸಿದರು. ಒಳಗಿನಿಂದ ಒತ್ತಿ ರಕ್ತ ನಿಲ್ಲಿಸುವ ಬಲೂನ್ ಅದು. ಅದರ ಸಾಮಾನು ನಮ್ಮ ಎಮರ್ಜೆನ್ಸಿ ಟ್ರೇಯಲ್ಲೇ ಇರುತ್ತದೆ. ರಕ್ತ ನಿಂತಿತು. ಬೆಳಗಿನ ಜಾವ ರಕ್ತದ ಬಾಟಲಿಯೂ ಬಂತು. ತಾಯಿ-ಮಗು ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು ಅಂತ ಬರೆಯಲು ನನಗೆ ಎಷ್ಟು ಸಂತೋಷ ಅಂದರೆ, ಮಗು ಅಮ್ಮನ ತೋಳಲ್ಲಿತ್ತು ಅನ್ನುವುದನ್ನು ನೀವೇ ಸೇರಿಸಿಕೊಳ್ಳಿ.

ಇನ್ನು ಹಾವು. ಮಳೆಗಾಲ ಬಂತೆಂದರೆ ಹತ್ತಿ ಹೊಲ, ತೊಗರಿ ಹೊಲ, ಕಾಲುವೆ ಕೆಳಗಿನ ಭತ್ತದ ಗದ್ದೆಗಳಿಂದ ಹಾವು ಕಡಿದವರು ಬರುತ್ತಾರೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಅದು ಒಳ್ಳೆಯ ಕೆಲಸ, ಎಷ್ಟು ಜನರಿಗೆ ಆಗುತ್ತಿದೆ ಅಂತ ಈಗಲಾದರೂ ಲೆಕ್ಕಕ್ಕೆ ಬರುತ್ತಿದೆ.

ಹಲವರು ಕಾಲಿಗೆ ಹಗ್ಗ ಬಿಗಿದುಕೊಂಡೇ ಬರುತ್ತಾರೆ. ಮಂತ್ರ ಹಾಕಿಸಿಕೊಂಡೂ ಬರುತ್ತಾರೆ. ಅವರನ್ನು ಬೈಯಬಾರದು. ಬೈದರೆ ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ. ಹಗ್ಗವನ್ನು ಬಂದ ತಕ್ಷಣ ಬಿಚ್ಚುವುದೂ ಬೇಡ, ಕಟ್ಟಿನ ಕೆಳಗೆ ತಡೆದಿದ್ದ ವಿಷ ಒಮ್ಮೆಲೇ ಮೈಗೆ ಏರಬಹುದು. ಮೊದಲು ಸಲೈನ್ ಲೈನ್, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಕೈಗೆ ಸಿಗುವಂತೆ, ಡಾಕ್ಟರ್ ಪಕ್ಕದಲ್ಲಿ. ಆಮೇಲೆ ಬಿಚ್ಚುವುದು.

ಲೈನ್ ಹಾಕುವಾಗಲೇ 2 ಎಂಎಲ್ ರಕ್ತ ತೆಗೆದು ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ ಇಡುತ್ತೇವೆ. 20 ನಿಮಿಷ ಬಿಟ್ಟು ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಇನ್ನೂ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ, ಸೋಪಿನ ಪುಡಿಯಲ್ಲಿ ತೊಳೆದಿದ್ದೂ ಆಗುವುದಿಲ್ಲ, ಫಲಿತಾಂಶ ತಪ್ಪಾಗುತ್ತದೆ. ನಾಗರಹಾವು, ಕಟ್ಟುಹಾವು ಬೇರೆ ಥರ. ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಹೆಚ್ಚಾಗಿ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಅಂತ ಬರುತ್ತಾರೆ. ಮಳೆಗಾಲದಲ್ಲಿ ನಸುಕಿಗೆ ಹೊಟ್ಟೆನೋವು ಅಂತ ಬಂದವರ ರೆಪ್ಪೆ ನೋಡದೆ ನಾನು ಬಿಡುವುದಿಲ್ಲ. "ಒಂದ ಉಸಿರಿನ್ಯಾಗ ಎಣಸ್ರಿ" ಅನ್ನುತ್ತೇನೆ. ಎಷ್ಟಕ್ಕೆ ನಿಲ್ಲಿಸಿದರು ಅಂತ ಬರೆದಿಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ ಎಣಿಸುತ್ತೇನೆ. ಸಂಖ್ಯೆ ಇಳಿದರೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮಂಚದ ಮೇಲೆ ಬರುತ್ತದೆ.

ಆಂಟಿವೆನಮ್ ಶುರುವಿಗೆ 10 ವೈಲ್ (ಔಷಧದ ಸಣ್ಣ ಬಾಟಲಿ). ದೊಡ್ಡವರಿಗೂ ಅಷ್ಟೇ, ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಬಿಡುವ ವಿಷ ವಯಸ್ಸು ನೋಡುವುದಿಲ್ಲ. ಪುಡಿಯನ್ನು ನೀರು ಹಾಕಿ ಕರಗಿಸಬೇಕು. ಅವಸರದಲ್ಲಿ ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಅಂಗೈಯಲ್ಲಿಟ್ಟು ನಿಧಾನ ತಿರುಗಿಸಬೇಕು. ಹತ್ತು ವೈಲಿಗೆ ಹೊತ್ತು ಹಿಡಿಯುತ್ತದೆ, ಅದಕ್ಕೆ ಇಬ್ಬರು ಕೂರುತ್ತೇವೆ. ಆಂಟಿವೆನಮ್ ಕೆಲವರ ಮೈಗೆ ಒಗ್ಗುವುದಿಲ್ಲ, ಅದಕ್ಕೆ ಅದು ಓಡುವ ಮೊದಲೇ ಅಡ್ರಿನಾಲಿನ್ ಸಿರಿಂಜಿನಲ್ಲಿ ತುಂಬಿಟ್ಟಿರುತ್ತೇವೆ. ಮೈ ತುರಿಕೆ, ನಡುಕ, ಉಬ್ಬಸ ಕಂಡರೆ ಆಂಟಿವೆನಮ್ ನಿಲ್ಲಿಸಿ ದೊಡ್ಡವರಿಗೆ 0.5 ಎಂಜಿ ಅಡ್ರಿನಾಲಿನ್ ತೊಡೆಗೆ, ಮಕ್ಕಳಿಗೆ ತೂಕ ನೋಡಿ. ಸಿರಿಂಜ್ ಹುಡುಕುತ್ತಾ ನಿಲ್ಲುವ ಹೊತ್ತು ಅದಲ್ಲ.

ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಕುಡಿದವರು ಬಂದಾಗ ಎಲ್ಲರೂ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಕಡೆ ಓಡುತ್ತಾರೆ. ಓಡಬೇಕು ಕೂಡ. 0.6 ಎಂಜಿಯ ಆಂಪ್ಯೂಲ್‌ಗಳನ್ನು ಒಬ್ಬರು ಒಡೆಯುತ್ತಲೇ ಇರಬೇಕು, ಯಾಕೆಂದರೆ ಎದೆಯ ಗೊರಗೊರ ಸದ್ದು ನಿಲ್ಲುವ ತನಕ ಡಾಕ್ಟರ್ ಐದೈದು ನಿಮಿಷಕ್ಕೆ ಡೋಸ್ ಎರಡರಷ್ಟು ಮಾಡುತ್ತಾ ಹೋಗುತ್ತಾರೆ. ಆದರೆ ವಿಷ ತಾಗಿದ ಬಟ್ಟೆಯನ್ನು ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆಯದಿದ್ದರೆ ವಿಷ ಚರ್ಮದಿಂದ ಒಳಗೆ ಹೋಗುತ್ತಲೇ ಇರುತ್ತದೆ. ಕೂದಲು, ಉಗುರು ಕೂಡ ತೊಳೆಯಬೇಕು. ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅವರು ಯಾಕೆ ಕುಡಿದರು ಅಂತ ಆಗ ಯಾರೂ ಕೇಳಬಾರದು. ಉಸಿರು ಸರಿಯಾದ ಮೇಲೆ, ಮನೆಯವರು ದೂರ ಇರುವಾಗ, ಪಕ್ಕದಲ್ಲಿ ಕೂತು ಕೇಳಿದರೆ ಅವರೇ ಹೇಳುತ್ತಾರೆ.

ಎಲ್ಲರನ್ನೂ ನಮ್ಮಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ. ವೆಂಟಿಲೇಟರ್ ಬೇಕಾದವರು, ಡಯಾಲಿಸಿಸ್ ಬೇಕಾದವರು ಯಾದಗಿರಿಗೆ ಇಲ್ಲವೇ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋಗಲೇಬೇಕು. ಜೇವರ್ಗಿ ದಾಟಿ, ಭೀಮಾ ನದಿ ದಾಟಿ ಕಲಬುರಗಿ ಸೇರುವುದು ದೂರದ ದಾರಿ. 108 ಬರುವ ಮೊದಲೇ ನಾವು ಅಲ್ಲಿಗೆ ಫೋನ್ ಮಾಡಿ ಯಾರು ಬರುತ್ತಿದ್ದಾರೆ, ಏನು ಬೇಕಾಗುತ್ತದೆ ಅಂತ ಹೇಳುತ್ತೇವೆ. ಆಂಬುಲೆನ್ಸಿಗೆ ಹತ್ತಿಸುವ ಮುಂಚೆ ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿದೆ, ಸಕ್ಷನ್ ಓಡುತ್ತದಾ ಅಂತ ನಾನೇ ನೋಡುತ್ತೇನೆ.

ಕಳಿಸಿದ ಮರುದಿನ ಅಲ್ಲಿನ ವಾರ್ಡಿಗೆ ಫೋನ್ ಮಾಡಿ ರೋಗಿ ಹೇಗಿದ್ದಾರೆ ಅಂತ ಕೇಳಿ ರಿಜಿಸ್ಟರಿನಲ್ಲಿ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಹೀಗೆ ಕೇಳುವಾಗ ಒಬ್ಬ ಸಿಸ್ಟರ್ ಹೇಳಿದರು, "ಮೇಡಂ, ಏನ್ ಕೊಟ್ಟೀರಿ ಅಂಬೋದು ಚೀಟಿನ್ಯಾಗ ಇರ್ತದ. ಎಷ್ಟ್ ಗಂಟೆಗೆ ಕೊಟ್ಟೀರಿ ಅಂಬೋದು ಮ್ಯಾಲೇ ಕಾಣಂಗ ಬರದ್ರ ನಮಗ ಭಾಳ ಸಲೀಸು." ಮ್ಯಾಗ್ನೀಸಿಯಮ್‌ನ ಮುಂದಿನ ಡೋಸ್ ಯಾವಾಗ, ರಕ್ತದ ಟ್ಯೂಬ್ ಮತ್ತೆ ಯಾವಾಗ ನೋಡಬೇಕು, ಎಲ್ಲವೂ ಆ ಸಮಯದ ಮೇಲೆಯೇ ನಿಂತಿದೆ. ಈಗ ನಮ್ಮ ರೆಫರಲ್ ಚೀಟಿಯ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಮೂರೇ ಸಾಲು ಇರುತ್ತದೆ: ಔಷಧದ ಹೆಸರು, ಎಷ್ಟು ಕೊಟ್ಟೆವು, ಎಷ್ಟು ಗಂಟೆಗೆ. ಅದೇ ಮೂರು ಸಾಲನ್ನು 108ರ ಸಿಬ್ಬಂದಿಗೆ ಓದಿ ಹೇಳುತ್ತೇವೆ, ಅವರು ನಮಗೆ ತಿರುಗಿ ಹೇಳಿದ ಮೇಲೆಯೇ ಗಾಡಿ ಬಿಡುತ್ತೇವೆ.