ಮಸ್ಕತ್ ಬಿಟ್ಟು ಮೂಡಿಗೆರೆಗೆ ಬಂದ ಮೇಲೂ ಡೈವಿಂಗ್ ಬಿಡಲಿಲ್ಲ: ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ 52 ನಿಮಿಷ ನೀರೊಳಗಿದ್ದು ಮೇಲೆ ಬಂದಾಗ ನನ್ನ ಗೇಜಿನಲ್ಲಿ ಇನ್ನೂ 60 ಬಾರ್ ಗಾಳಿ ಇತ್ತು. ಅದೇ ದೋಣಿಯಲ್ಲಿ ಬಂದಿದ್ದ ಬೆಂಗಳೂರಿನ ಇಬ್ಬರು ಗಾಳಿ ಮುಗಿಸಿಕೊಂಡು ಆಗಲೇ ಮೇಲೆ ಹತ್ತಿ ಬಿಸಿಲಿಗೆ ಕೂತಿದ್ದರು. ಗೈಡ್ ಹುಡುಗ ನನ್ನ ಗೇಜ್ ನೋಡಿ, "ಸಾರ್, ಪ್ರಾಕ್ಟೀಸ್ ಎಲ್ಲಿ ಮಾಡ್ತೀರಿ?" ಅಂದ. "ಮೂಡಿಗೆರೆ, ನಮ್ಮ ತೋಟದ ಕೆರೇಲಿ" ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ನಂಬದವರ ಸಾಲಿನಲ್ಲಿ ಅವನು ಕೊನೆಯವನು, ಮೊದಲಿನವರೆಲ್ಲ ನನ್ನ ಮನೆಯವರೇ.

ಮಸ್ಕತ್‌ನಲ್ಲಿ ನಾನಿದ್ದದ್ದು ಒಂಬತ್ತು ವರ್ಷ. ಲಾಗ್‌ಬುಕ್ಕಿನಲ್ಲಿ ಸುಮಾರು 180 ಡೈವ್ ಇವೆ, ಅರ್ಧಕ್ಕರ್ಧ ದೈಮಾನಿಯತ್ ದ್ವೀಪಗಳಲ್ಲಿ, ಉಳಿದದ್ದು ಬಂದರ್ ಖೈರಾನ್ ಕಡೆ. ಒಮಾನ್ ನೌಕಾಪಡೆಯವರು 2003ರಲ್ಲಿ ಬೇಕೆಂದೇ ಮುಳುಗಿಸಿದ ಅಲ್ ಮುನಾಸಿರ್ ಹಡಗು ಅಲ್ಲೇ ಇದೆ, ಅದರೊಳಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಪ್ಪ ತೀರಿಕೊಂಡ ಮೇಲೆ 2017ರಲ್ಲಿ ತೋಟಕ್ಕೆ ವಾಪಸ್ ಬಂದೆ. ಬರುವಾಗ ಅಲ್ಲಿನ ಗೆಳೆಯರು ಡೈವಿಂಗ್ ಗೇರ್ (ಸಲಕರಣೆ) ಎಲ್ಲ ಅಲ್ಲೇ ಮಾರು ಅಂದಿದ್ದರು. ಚಿಕ್ಕಪ್ಪ ಬ್ಯಾಗಿನ ತೂಕ ನೋಡಿ, "ಘಟ್ಟದ ಮೇಲೆ ಇದನ್ನ ಕಟ್ಕೊಂಡು ಏನ್ ಮಾಡ್ತಿಯೋ ಮಾರಾಯ, ಮಾರಿ ಒಂದು ಸ್ಪ್ರೇಯರ್ ತಗೋ" ಅಂದರು. ನಾನು ಮಾರಲಿಲ್ಲ.

ಮೊದಲ ವರ್ಷ ಪೂರ್ತಿ ಹಾಳಾಯಿತು. ತೋಟದ ಕೆಲಸ ಕಲಿಯುವುದರಲ್ಲೇ 14 ತಿಂಗಳು ಕಳೆದು ಹೋಯಿತು. ಆಮೇಲೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಇಳಿದರೆ 28 ನಿಮಿಷಕ್ಕೆ ಗಾಳಿ 50 ಬಾರ್‌ಗೆ ಇಳಿದುಬಿಟ್ಟಿತು. ಮಾಸ್ಕಿನಲ್ಲಿ ನೀರು, ಕೈ ಬಡಿತ, ಒಂದು ಸಲ ಹವಳದ ಮೇಲೇ ಕೂರುವ ಹಾಗಾಯಿತು. 180 ಡೈವ್ ಮಾಡಿದವನು ಹೊಸಬನ ಹಾಗೆ ಮುಳುಗುತ್ತಿದ್ದೆ. ಡೀಸೆಲ್, ರೂಮು, ಡೈವ್ ಎಲ್ಲ ಸೇರಿ 13 ಸಾವಿರವೋ 14 ಸಾವಿರವೋ ಖರ್ಚಾಗಿತ್ತು. ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ವರ್ಷಕ್ಕೆ ನಾಲ್ಕು ಸಲ ಸಮುದ್ರಕ್ಕೆ ಹೋಗುವವನಿಗೆ ಕೈ ಉಳಿಯಬೇಕಾದರೆ ನಡುವೆ ಎಲ್ಲಾದರೂ ನೀರಿಗೆ ಇಳಿಯಲೇಬೇಕು.

ಮನೆ ಹಿಂದೆ ಕೆರೆ ಇತ್ತು. ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ಅಪ್ಪ ತೆಗೆಸಿದ್ದು. ನವೆಂಬರಿನಲ್ಲಿ ತುಂಬಿದಾಗ ನಡುವೆ 18 ಅಡಿ ಆಳ, ಫೆಬ್ರವರಿ ಕೊನೆಗೆ ಪಂಪ್ ಶುರುವಾದರೆ ದಿನಕ್ಕೆ ಒಂದೊಂದು ಅಡಿ ಇಳಿಯುತ್ತದೆ. ಅಲ್ಲಿಗೆ ನನ್ನ ಸೀಸನ್ ಮೂರೂವರೆ ತಿಂಗಳು.

ಗಾಳಿಯದ್ದು ದೊಡ್ಡ ಸಮಸ್ಯೆ ಅಂತ ಎಲ್ಲರೂ ಹೇಳುತ್ತಾರೆ, ಅಷ್ಟೇನೂ ಅಲ್ಲ. ಎರಡು ಅಲ್ಯೂಮಿನಿಯಂ ಸಿಲಿಂಡರ್ ಸೆಕೆಂಡ್‌ಹ್ಯಾಂಡ್ ತಗೊಂಡೆ, ಜೋಡಿಗೆ 30 ಸಾವಿರದ ಆಸುಪಾಸು. ಹೈಡ್ರೋ ಟೆಸ್ಟಿನ (ನೀರು ತುಂಬಿ ಸಿಲಿಂಡರ್ ಒತ್ತಡ ತಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಮುದ್ರೆ ನೋಡದೆ ತಗೋಬೇಡಿ. ಪ್ರತಿ ಸಲ ಕರಾವಳಿಗೆ ಹೋದಾಗ ತುಂಬಿಸಿ, ವಾಲ್ವಿಗೆ ಕ್ಯಾಪ್ ಹಾಕಿ, ಉರುಳದ ಹಾಗೆ ಕಟ್ಟಿ, ಜೀಪಿನ ಹಿಂದೆ ಮಲಗಿಸಿಕೊಂಡು ಬರುತ್ತೇನೆ. ಐದು ಮೀಟರಿನಲ್ಲಿ ಒಂದು ಸಿಲಿಂಡರ್ ಗಂಟೆ ದಾಟುತ್ತದೆ. ಅರ್ಧ ಗಂಟೆಯ ನಾಲ್ಕು ಐದು ಇಳಿತ ಎರಡರಲ್ಲಿ ಆರಾಮವಾಗಿ ಆಗುತ್ತದೆ.

ಮೊದಲನೇ ದಿನ ಸಮುದ್ರದ ಲೆಕ್ಕದಲ್ಲೇ ತೂಕ ಕಟ್ಟಿಕೊಂಡು ಇಳಿದೆ. ಸೀದಾ ತಳಕ್ಕೆ ಹೋಗಿ ಮೊಣಕಾಲವರೆಗೆ ಹೂಳಿನಲ್ಲಿ ಹೂತುಕೊಂಡೆ. ಒದ್ದ ಕೂಡಲೇ ಸುತ್ತ ಕೆಂಪು, ಕಣ್ಣ ಮುಂದೆ ಹಿಡಿದ, ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರೂ ಕಾಣುವುದಿಲ್ಲ. ಸಿಹಿನೀರಿಗೆ ನನ್ನ ಮೈತೂಕಕ್ಕೆ ಎರಡೂವರೆ ಕೆ.ಜಿ. ಇಳಿಸಬೇಕು ಅಂತ ಗೊತ್ತಿದ್ದೂ ಮಾಡಿರಲಿಲ್ಲ. ಜೊತೆಗೆ ಒಮಾನಿನ 5 ಮಿ.ಮೀ. ಸೂಟ್ ಬೇಕೇಬೇಕು, ಡಿಸೆಂಬರಿನಲ್ಲಿ ತಳದ ನೀರು 20 ಡಿಗ್ರಿ ತೋರಿಸುತ್ತದೆ. ಇದನ್ನೆಲ್ಲ ಹೊಂದಿಸಲು ಒಂದು ತಿಂಗಳು ಹಿಡಿಯಿತು. ಆಮೇಲೆ ಹೂಳಿನಿಂದ ಒಂದು ಗೇಣು ಮೇಲೆ, ಎಲ್ಲೂ ತಾಗದೆ, ಕಪ್ಪೆ ಒದೆತದಲ್ಲಿ ಕೆರೆ ಸುತ್ತುವುದನ್ನು ಅಭ್ಯಾಸ ಮಾಡಿದೆ. ಹೂಳು ಕಲಕಿದರೆ ಆವತ್ತಿನ ಡೈವ್ ಮುಗಿದ ಹಾಗೆ, ಅಷ್ಟೇ ನಿಯಮ. ದೈಮಾನಿಯತ್‌ನ 25 ಮೀಟರ್ ತಿಳಿನೀರಲ್ಲಿ ಒಂಬತ್ತು ವರ್ಷದಲ್ಲಿ ಬರದ ಬಾಯನ್ಸಿ, ಅಂದರೆ ತೇಲದೆ ಮುಳುಗದೆ ನಿಲ್ಲುವ ಹಿಡಿತ, ನನಗೆ ಈ ಕೆಂಪು ಕೆರೆಯಲ್ಲಿ ಎರಡು ಸೀಸನ್ನಿಗೆ ಬಂತು. ನೇತ್ರಾಣಿಯ 52 ನಿಮಿಷ ಬಂದದ್ದೂ ಇಲ್ಲಿಂದಲೇ.

ಒಬ್ಬನೇ ಇಳಿಯಬೇಡಿ. ನನ್ನ ಭಾಮೈದನನ್ನು ಒಪ್ಪಿಸಿ ಮುರ್ಡೇಶ್ವರದಲ್ಲಿ ಓಪನ್ ವಾಟರ್ ಡೈವಿಂಗ್ ಕೋರ್ಸ್ ಮಾಡಿಸಿದೆ. ಅವನ ಕೋರ್ಸಿನ ದುಡ್ಡು ನಾನೇ ಕೊಟ್ಟೆ, 25 ಸಾವಿರ ಚಿಲ್ಲರೆ. ಅದಕ್ಕಿಂತ ಒಳ್ಳೆ ಖರ್ಚು ನಾನು ಮಾಡಿಲ್ಲ. ದಡದಲ್ಲಿ ಹಗ್ಗ ಹಿಡಿದು ನಮ್ಮ ತೋಟದ ಲೆಕ್ಕ ನೋಡುವ ರೈಟರ್ ನಿಂತಿರುತ್ತಾರೆ, ಎರಡು ಸಲ ಎಳೆದರೆ ಏನು, ಮೂರು ಸಲ ಎಳೆದರೆ ಏನು ಅಂತ ಅವರಿಗೆ ಈಗ ನನಗಿಂತ ಚೆನ್ನಾಗಿ ಗೊತ್ತು.

ನೀರು ತಿಳಿ ಮಾಡಲು ಏನೇನೋ ಮಾಡಿದೆ. ಅಜ್ಜಿ ಹಂಡೆ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದದ್ದು ನೆನಪಿತ್ತು. ಹಂಡೆಗೆ ಹಾಕಿ ನೋಡಿದೆ, ರಾತ್ರಿ ಕಳೆಯುವುದರೊಳಗೆ ತಿಳಿ. ಆದರೆ ಎಂಟು ಹತ್ತು ಲಕ್ಷ ಲೀಟರಿನ ಕೆರೆಗೆ ಎಷ್ಟು ಬೀಜ ತೇಯುವುದು? ಪಟಿಕವನ್ನು ಡ್ರಮ್ಮಿನಲ್ಲಿ ಪರೀಕ್ಷೆ ಮಾಡಿದೆ, ಅರ್ಧ ದಿನಕ್ಕೆ ಕೆಲಸ ಮಾಡಿತು. ಕೆರೆಗೆ 20 ಕೆ.ಜಿ. ಲೆಕ್ಕ ಬಂತು. ಮೀನು ಏನಾಗುತ್ತೋ ಅಂತ ಮನಸ್ಸು ಬರಲಿಲ್ಲ, ಕೈಬಿಟ್ಟೆ. ಸ್ಟೀಲ್ ತಟ್ಟೆಗೆ ದಾರ ಕಟ್ಟಿ ಇಳಿಬಿಟ್ಟು ಎಷ್ಟು ಅಡಿಗೆ ಮರೆಯಾಗುತ್ತದೆ ಅಂತ ದಿನಾ ಬರೆದಿಟ್ಟೆ. ಮೊದಲು ಮೂರು ಅಡಿ ಇದ್ದದ್ದು ಈಗ ಜನವರಿಯಲ್ಲಿ ಒಂಬತ್ತು ಅಡಿಗೆ ಬರುತ್ತದೆ. ಹಳ್ಳದ ನೀರು ಕೆರೆಗೆ ಬೀಳುವ ಜಾಗದಲ್ಲಿ ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇನೆ, 600 ರೂಪಾಯಿಯೂ ಖರ್ಚಿಲ್ಲ. ಅದೇನು ಅಂತ ಸದ್ಯಕ್ಕೆ ಬರೆಯುವುದಿಲ್ಲ, ಇನ್ನೊಂದು ಮಳೆಗಾಲ ತಡೆದುಕೊಳ್ಳಲಿ.

ಇದೇ ತಟ್ಟೆ ಹಿಡಿದು ಹಾಸನದ ಕಡೆ ಶೆಟ್ಟಿಹಳ್ಳಿಗೂ ಹೋಗಿದ್ದೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಆ ಹಳೆ ಚರ್ಚನ್ನು ನೀರೊಳಗಿಂದ ನೋಡಬೇಕು ಅಂತ ನನಗೆ ಬಹಳ ಆಸೆ. ಸಂಬಂಧಪಟ್ಟ ಕಚೇರಿಯಲ್ಲಿ ಅನುಮತಿ ಕೇಳಿದೆ, ಸಿಗಲಿಲ್ಲ. ದಡದಿಂದ ತಟ್ಟೆ ಬಿಟ್ಟರೆ ಎರಡು ಅಡಿಗೇ ಮಾಯ. ಸಿಕ್ಕಿದ್ದರೂ ಗೋಡೆಗೆ ಮೂಗು ತಾಗುವವರೆಗೆ ಏನೂ ಕಾಣುತ್ತಿರಲಿಲ್ಲ.

ಇನ್ನು ಡೈವಿಂಗ್ ಗೇರಿನ ವಿಷಯ. ಗಲ್ಫಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ: ನಮ್ಮಲ್ಲಿ ಉಪ್ಪುನೀರಿಗಿಂತ ಜೂನ್ ಜುಲೈ ಹೆಚ್ಚು ಹಾಳು ಮಾಡುತ್ತದೆ. ಮೊದಲ ಮಳೆಗಾಲ ತೊಳೆದು ಒಣಗಿಸಿ ಸ್ಟೋರ್ ರೂಮಿನಲ್ಲಿ ಮೆಣಸಿನ ಚೀಲದ ಪಕ್ಕ ಇಟ್ಟಿದ್ದೆ. ಗಣಪತಿ ಹಬ್ಬಕ್ಕೆ ತೆಗೆದರೆ ಬಿಸಿಡಿಯೊಳಗೆಲ್ಲ (ಗಾಳಿ ತುಂಬುವ ಡೈವಿಂಗ್ ಜಾಕೆಟ್) ಬೂಸ್ಟು, ಮೌತ್‌ಪೀಸು ಹಸಿರು, ಬಾಯಿಗೆ ಹಿಡಿಯುವ ಸೆಕೆಂಡ್ ಸ್ಟೇಜಿನೊಳಗೆ ಜಿರಳೆ ಮೊಟ್ಟೆ. ಇಲಿ ಒಂದು ಹೋಸನ್ನು ಕಡಿದು ಹಾಕಿತ್ತು. ರಿಪೇರಿಗೆ 22 ಸಾವಿರ. ಸರ್ವಿಸಿಗೆ ಕಳಿಸಿದ ಅಂಗಡಿಯವರು ಎರಡು ತಿಂಗಳು ಇಟ್ಟುಕೊಂಡು ವಾಪಸ್ ಕಳಿಸಿದ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರಿಗೆ ಗಾಳಿ ಕೊಡುವ ಸಾಧನ) ಕೆರೆ ದಡದಲ್ಲೇ ಫ್ರೀ ಫ್ಲೋ ಆಗಿ ಗಾಳಿ ತಾನಾಗಿ ಸುರಿಯತೊಡಗಿತು, ಮತ್ತೆ ಬೇರೆ ಕಡೆ ಕಳಿಸಬೇಕಾಯಿತು. ಎರಡನೇ ವರ್ಷ ಅಡಿಗೆ ಮನೆ ಅಟ್ಟದ ಮೇಲೆ ನೇತುಹಾಕಿದೆ. ಬೂಸ್ಟು ಬರಲಿಲ್ಲ, ಆದರೆ ಒಲೆಯ ಹೊಗೆಗೂ ಕಾವಿಗೂ ಸೂಟಿನ ಕತ್ತು, ಮಣಿಕಟ್ಟು ಗಟ್ಟಿಯಾಗಿ ಬಿರುಕುಬಿಟ್ಟವು.

ಈಗ ಮಾಡುವುದು ಇಷ್ಟು. ಕಬ್ಬಿಣದ ರಿಂಗಿನ ಮುಚ್ಚಳ ಇರುವ ನೀಲಿ ಡ್ರಮ್ಮು, ಮೇ ತಿಂಗಳ ಬಿಸಿಲಲ್ಲಿ ಅದನ್ನು ಬಾಯಿ ತೆರೆದು ಕಾಫಿ ಕಣದಲ್ಲಿ ಎರಡು ದಿನ ಕವುಚಿ ಹಾಕುತ್ತೇನೆ. ಗೇರನ್ನು ಮಾತ್ರ ನೆರಳಲ್ಲಿ ಒಣಗಿಸಬೇಕು. ಬಿಸಿಡಿಗೆ ಅರ್ಧ ಗಾಳಿ ತುಂಬಿ, ರೆಗ್ಯುಲೇಟರಿಗೆ ಬಟ್ಟೆ ಸುತ್ತಿ, ಎರಡು ಕೆ.ಜಿ. ಸಿಲಿಕಾ ಜೆಲ್ ಹತ್ತಿ ಚೀಲದಲ್ಲಿ ಹಾಕಿ, ಮೊದಲ ಮಳೆಗೆ ಮುಂಚೆ ಮುಚ್ಚುತ್ತೇನೆ. ಜೆಲ್ ತೇವ ಕುಡಿದರೆ ಕಾವಲಿಯ ಮೇಲೆ ಹುರಿದು ಮತ್ತೆ ಹಾಕುವುದು. ಮೊದಲು ಸುಟ್ಟ ಸುಣ್ಣದ ಕಲ್ಲು ಇಟ್ಟು ನೋಡಿದ್ದೆ, ತೇವವನ್ನು ಚೆನ್ನಾಗಿ ಹೀರುತ್ತದೆ, ಆದರೆ ಅರಳಿ ಪುಡಿಯಾಗಿ ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆ. ಜೆಲ್ಲಿನ ಜೊತೆ ಇನ್ನೊಂದು ವಸ್ತು ಹಾಕುತ್ತೇನೆ, ನಮ್ಮ ತೋಟದ್ದೇ, ಅದು ನನ್ನ ಹತ್ತಿರ ಇರಲಿ. ನಾಲ್ಕು ಮಳೆಗಾಲ ಆಯಿತು, ಒಂದು ಚುಕ್ಕೆ ಬೂಸ್ಟಿಲ್ಲ.

ಈಗ ಹೇಳುವುದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಎರಡನೇ ವರ್ಷ ನೇತ್ರಾಣಿಯಲ್ಲಿ ಬೆಳಿಗ್ಗೆ ಎರಡು ಡೈವ್ ಮಾಡಿ, ಮಧ್ಯಾಹ್ನ ದಡಕ್ಕೆ ಬಂದು, ಊಟ ಮಾಡಿ ಹೊರಟೆ. ಮಾರನೇ ದಿನ ಕೊಯ್ಲಿಗೆ ಜನ ಬರುವವರಿದ್ದರು. ಡೈವ್ ಕಂಪ್ಯೂಟರಿನಲ್ಲಿ ಈಗಲೇ ವಿಮಾನ ಹತ್ತಬೇಡ ಅನ್ನುವ ಚಿಹ್ನೆ ಇನ್ನೂ ಇತ್ತು. ನಾನೇನು ವಿಮಾನ ಹತ್ತುತ್ತಿಲ್ಲವಲ್ಲ ಅಂದುಕೊಂಡೆ. ಕುಂದಾಪುರ, ಉಡುಪಿ, ಕಾರ್ಕಳ, ಬೆಳ್ತಂಗಡಿ ದಾಟಿ ರಾತ್ರಿ ಚಾರ್ಮಾಡಿ ಹತ್ತಿದೆ. ಕೊಟ್ಟಿಗೆಹಾರ ತಲುಪುವಾಗ ಎಡಭುಜದ ಕೀಲಿನಲ್ಲಿ ಒಂದು ಥರದ ಆಳದ ನೋವು, ಯಾವ ಕಡೆ ತಿರುಗಿಸಿದರೂ ಕಮ್ಮಿಯಾಗದ್ದು. ಜೀಪಿನ ಗೇರ್ ಬದಲಿಸಲು ಆ ಕೈ ಎತ್ತಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಭಾರ ಎತ್ತಿದ ನೋವು ಅಂತ ಮುಲಾಮು ಕೊಟ್ಟರು. ನಾನು ಹಠ ಮಾಡಿ ಮಾಸ್ಕಿನಲ್ಲಿ ಆಕ್ಸಿಜನ್ ಹಾಕಿಸಿಕೊಂಡೆ. ಎರಡು ಮೂರು ಗಂಟೆಯಲ್ಲಿ ಇಳಿಯಿತು. ನನ್ನ ಅದೃಷ್ಟ ಅಷ್ಟೇ, ಇಂಥ ನೋವಿಗೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ನಮ್ಮ ಬೆಟ್ಟದ ಮೇಲೆ ಎಲ್ಲಿದೆ?

ಡೈವ್ ಮಾಡುವಾಗ ಮೈಯೊಳಗೆ ಸೇರಿದ ನೈಟ್ರೋಜನ್ ಗಾಳಿಯ ಒತ್ತಡ ಕಮ್ಮಿಯಾದರೆ ಗುಳ್ಳೆಯಾಗುತ್ತದೆ; ಮೂರು ಸಾವಿರ ಅಡಿ ಹತ್ತಿದರೂ ಅದಕ್ಕೆ ಅದು ವಿಮಾನದ ಅಣ್ಣತಮ್ಮನೇ. ಒಂದು ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಅಂತ ವಿಮಾನಕ್ಕೆ ಹೇಳುವ ಲೆಕ್ಕ 2,000 ಅಡಿ ಮೇಲಿನ ಘಟ್ಟಕ್ಕೂ ಅನ್ವಯಿಸುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನ ಯಾವುದೂ ಅದಕ್ಕಿಂತ ಕೆಳಗಿಲ್ಲ. ನಾನು ಈಗ 24 ಗಂಟೆ ಬಿಡುತ್ತೇನೆ. ಡೈವ್ ಮುಗಿಸಿ ಬೆಳ್ತಂಗಡಿಯಲ್ಲಿ ಅತ್ತೆ ಮನೆಯಲ್ಲಿ ಉಳಿದು, ಮಾರನೇ ದಿನ ಮಧ್ಯಾಹ್ನದ ಊಟ ಆದ ಮೇಲೆ ಘಟ್ಟ ಹತ್ತುವುದು. ಹೆಂಡತಿಗೆ ತವರು, ನನಗೆ ಡೀಕೋ (ನೈಟ್ರೋಜನ್ ಇಳಿಯುವ ಹೊತ್ತು), ಇಬ್ಬರಿಗೂ ಸರಿ.

ಇದರಿಂದ ಟ್ರಿಪ್ಪು ಎರಡು ರಾತ್ರಿಯದಾಯಿತು. ಕೊಯ್ಲಿನ ಕಾಲದಲ್ಲಿ ಎರಡು ರಾತ್ರಿ ತೋಟ ಬಿಡುವುದು ಸುಲಭವಲ್ಲ, ನೇತ್ರಾಣಿಯ ನೀರು ತಿಳಿಯಾಗುವುದೂ ಆಗಲೇ. ಸಂತೆ ದಿನ ಕೆಲಸಕ್ಕೆ ರಜೆ ಇರುತ್ತದಲ್ಲ, ಅದರ ಹಿಂದಿನ ಸಂಜೆ ಹೊರಡುತ್ತೇನೆ. ವರ್ಷಕ್ಕೆ ನಾಲ್ಕು: ಕೊಯ್ಲಿಗೆ ಮುಂಚೆ ಅಕ್ಟೋಬರ್ ಕೊನೆಗೆ ಒಂದು, ಡಿಸೆಂಬರಿನಲ್ಲಿ ಒಂದು, ಕಾಫಿ ಹೂಬಿಡಿಸುವ ಹೂಮಳೆ ಆದ ಮೇಲೆ ಏಪ್ರಿಲ್, ಮೇನಲ್ಲಿ ಎರಡು. ಒಟ್ಟು 55 ಸಾವಿರದ ಹತ್ತಿರ.

ಆ ದುಡ್ಡು ಎಲ್ಲಿಂದ ಅಂದರೆ, ಬಹುಪಾಲು ಕೆರೆಯಿಂದಲೇ. ಒಂದು ಫೆಬ್ರವರಿ ಪಕ್ಕದ ತೋಟದವರ ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ಹೂಳಿನಲ್ಲಿ ಸಿಕ್ಕಿಕೊಂಡು ನೀರು ಎಳೆಯುತ್ತಿರಲಿಲ್ಲ. ರೋಬಸ್ಟಾಕ್ಕೆ ಹೂವಿನ ನೀರು ಕೊಡಬೇಕಾದ ವಾರ, ಒಂದೊಂದು ದಿನವೂ ಅವರಿಗೆ ಚಿನ್ನ. ಈಜುವ ಹುಡುಗರು ಉಸಿರು ಕಟ್ಟಿ ಮುಳುಗಿ ಮುಳುಗಿ ಸೋತಿದ್ದರು. ನಾನು ಮೊದಲು ಸ್ಟಾರ್ಟರಿನ ಫ್ಯೂಸ್ ಮೂರನ್ನೂ ಕಿತ್ತು ಬಿಸಿಡಿಯ ಜೇಬಿಗೆ ಹಾಕಿ ಜಿಪ್ ಎಳೆದೆ. ಇದನ್ನು ಯಾರ ಕೈಗೂ ಕೊಡುವುದಿಲ್ಲ, ನಾನು ಕೆಳಗಿರುವಾಗ ಯಾರಾದರೂ ಮೋಟಾರ್ ಹಾಕಿದರೆ ಕೈ ಎಳೆದುಕೊಳ್ಳುತ್ತದೆ. ಕೆಳಗೆ ಕತ್ತಲೆ. ಪೈಪ್ ತಡವಿಕೊಂಡು ಇಳಿದೆ. ಜಾಲರಿಯ ಸುತ್ತ ಸಿಲ್ವರ್ ಓಕಿನ ಎಲೆ ಪದರ ಪದರವಾಗಿ, ಹಾಸಿಗೆ ಸುತ್ತಿದ ಹಾಗೆ ಅಂಟಿಕೊಂಡಿತ್ತು, ನಡುವೆ ಒಂದು ಗೊಬ್ಬರದ ಚೀಲ. ಬೆರಳಲ್ಲೇ ಸುಲಿದು ಸುಲಿದು ತೆಗೆದೆ. ಹಿತ್ತಾಳೆಯ ಮುಚ್ಚಳ ತಟಕ್ ಅಂತ ಕೂತದ್ದು ಕೈಗೆ ತಿಳಿಯಿತು. 25 ನಿಮಿಷದ ಕೆಲಸ. ಸಂಜೆಗೆ ಅವರ ಸ್ಪ್ರಿಂಕ್ಲರ್ ಜೆಟ್ಟುಗಳು ತಿರುಗುತ್ತಿದ್ದವು.

ಬೇಡ ಅಂದರೂ ನಾಲ್ಕು ಸಾವಿರ ಕೈಗಿಟ್ಟರು. ಅದೇ ರೇಟಾಯಿತು. ಕಳೆದ ಸೀಸನ್ನಿನಲ್ಲಿ ಬಣಕಲ್, ಗೋಣಿಬೀಡು, ಸಕಲೇಶಪುರದ ಕಡೆ ಸೇರಿ 11 ಕೆರೆ ಇಳಿದೆ, 40 ಸಾವಿರ ಚಿಲ್ಲರೆ ಬಂತು. ಹಳೆ ಬಾವಿಗೆ ಮಾತ್ರ ಎಷ್ಟು ಕೊಟ್ಟರೂ ಇಳಿಯುವುದಿಲ್ಲ. ಗೊತ್ತಿಲ್ಲದ ಕೆರೆಗೆ ಇಳಿದ ದಿನ ಕಿವಿಯನ್ನು ಶುದ್ಧ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸುತ್ತೇನೆ, ಮೊದಲ ಸೀಸನ್ ಕಿವಿಯಲ್ಲಿ ಫಂಗಸ್ ಆಗಿ ಒಂದು ತಿಂಗಳು ನೀರು ಮುಟ್ಟಲಿಲ್ಲ. ಮೈಮೇಲೆ ಗಾಯವಿದ್ದರೆ ಇಳಿಯುವುದೇ ಇಲ್ಲ, ಇಲಿಜ್ವರ ನಮ್ಮ ಕಡೆ ಇದ್ದೇ ಇದೆ.

ಚಿಕ್ಕಪ್ಪನ ಕೆರೆಯಲ್ಲಿ ಹೋದ ಮಾರ್ಚಿನಲ್ಲಿ ವಾಲ್ವ್ ಕಚ್ಚಿಕೊಂಡಿತು. ಫೋನ್ ಮಾಡಿ, "ನಿನ್ನ ಆ ಸಾಮಾನೆಲ್ಲ ತಗೊಂಡು ಬಾರೋ" ಅಂದರು. ಹೋದೆ, ಬಿಡಿಸಿದೆ, ದುಡ್ಡು ತಗೊಳ್ಳಲಿಲ್ಲ. ಅವರು ದಡದಲ್ಲಿ ನಿಂತು ಗುಳ್ಳೆ ಬರುವುದನ್ನೇ ನೋಡುತ್ತಿದ್ದರಂತೆ, ಒಂದು ಗಳಿಗೆ ಕೂರಲಿಲ್ಲ ಅಂತ ರೈಟರ್ ಆಮೇಲೆ ಹೇಳಿದರು.

ಈ ವರ್ಷ ಎರಡೂ ಸಿಲಿಂಡರಿಗೆ ಐದು ವರ್ಷ ತುಂಬುತ್ತದೆ, ಹೈಡ್ರೋ ಟೆಸ್ಟಿಗೆ ಕಳಿಸಬೇಕು. ಡ್ರಮ್ಮು ಇನ್ನೂ ಮುಚ್ಚಿದೆ. ಅರೇಬಿಕಾ ಹಣ್ಣಾಗುವ ಮೊದಲು ಒಂದು ಸಲ ಮುರ್ಡೇಶ್ವರ ಮುಗಿಸಿಕೊಂಡು ಬರಬೇಕು, ಭಾಮೈದ ಆಗಲೇ ದೋಣಿಗೆ ಹೇಳಿಟ್ಟಿದ್ದಾನೆ.